ಹಾಯಿದೋಣಿಯ ತಂತಿ ಕೈಕೊಡುವ ಮುನ್ನ: ಲಕ್ಷಣ ನೋಡಿ ದೋಷ ಹಿಡಿಯುವುದು

ಚಿತ್ರದುರ್ಗದಲ್ಲಿ ಹಾಯಿದೋಣಿಯಾ ಅಂತ ನಗುವವರು ನಗಲಿ. ಗಾಳಿಗೆ ನಮ್ಮಲ್ಲಿ ಬರ ಇಲ್ಲ, ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನೇ ನೋಡಿ. ನೀರಿಗೆ ಹಿರಿಯೂರು ಹತ್ತಿರ ಮಾರಿಕಣಿವೆ ಇದೆ, ಚನ್ನಗಿರಿ ಕಡೆ ಸೂಳೆಕೆರೆ ಇದೆ. ಅನುಮತಿ ಇಲ್ಲದೆ ಎಲ್ಲೂ ದೋಣಿ ಇಳಿಸಬೇಡಿ, ಅದು ಬೇರೆ ವಿಷಯ. ಸೆಕೆಂಡ್ ಹ್ಯಾಂಡ್ ಸಣ್ಣ ದೋಣಿ ತಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಹಾಯಿಕಂಬ ಹಿಡಿದಿರೋ ತಂತಿ ನೋಡೋಕೆ ಫಳಫಳ ಅಂತಿದೆ, ಬದಲಾಯಿಸಲೇಬೇಕಾ?"

ನಡುವಿನ ಹೊಳಪು ನೋಡಿ ತೀರ್ಮಾನ ಮಾಡಬೇಡಿ ಅನ್ನುವುದೇ ನನ್ನ ಉತ್ತರ. ತಂತಿ ಹೋಗುವುದು ಹೆಚ್ಚಾಗಿ ತುದಿಯಲ್ಲಿ, ಅಂದರೆ ಅದು ತುದಿಯನ್ನು ಒತ್ತಿ ಹಿಡಿಯುವ ಫೆರೂಲ್ ಒಳಗೆ ಹೋಗುವ ಜಾಗದಲ್ಲಿ. ನಮ್ಮದು ಸಿಹಿನೀರು, ಹಾಗಾಗಿ ಉಪ್ಪು ತಿನ್ನುವ ಕಾಟ ಕಡಿಮೆ. ಆದರೆ ಟ್ರೈಲರ್ ಮೇಲೆ ಮಡಚಿ ಕಟ್ಟುವುದು, ಸಡಿಲ ಬಿಟ್ಟು ಓಡಿಸುವುದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕುವುದು ಇವು ಮೂರೂ ಇಲ್ಲಿ ಜಾಸ್ತಿ. ಜೊತೆಗೆ ಆ ದೋಣಿ ಚೆನ್ನೈನಲ್ಲೋ ಮುಂಬೈಯಲ್ಲೋ ಸಮುದ್ರ ಕಂಡು ಬಂದಿದ್ದರೆ ಉಪ್ಪು ಆಗಲೇ ಒಳಗೆ ಸೇರಿರುತ್ತದೆ. ಇಲ್ಲಿ ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ.

ಹೆಸರುಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಹಾಯಿ ಕಟ್ಟುವ ಕಂಬ ಮಾಸ್ಟ್. ಅದನ್ನು ಎಡಬಲ ಹಿಡಿದಿರುವ ತಂತಿಗಳು ಶ್ರೌಡ್. ಮುಂದಕ್ಕೆ, ದೋಣಿಯ ಮೂತಿಗೆ ಬರುವುದು ಫೋರ್‌ಸ್ಟೇ. ತಂತಿಯ ತುದಿಯನ್ನು ಮಡಚಿ ಕುಣಿಕೆ ಮಾಡಿದಾಗ ಒಳಗೆ ಕೂರುವ ಲೋಹದ ಕಿವಿ ತಿಂಬಲ್. ಆ ಕುಣಿಕೆ ಬಿಚ್ಚದಂತೆ ಒತ್ತಿ ಕೂರಿಸುವ ಗಿಡ್ಡ ಲೋಹದ ಕೊಳವೆ ಫೆರೂಲ್. ದೋಣಿಯ ಮೈಗೆ ಬೋಲ್ಟ್ ಮಾಡಿರುವ ಪಟ್ಟಿ ಚೈನ್‌ಪ್ಲೇಟ್. ಕರೆಂಟ್ ಕಂಬಕ್ಕೆ ಲೈನ್‌ಮನ್ ಕಟ್ಟುವ ಸ್ಟೇ ತಂತಿ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ, ಆದರೆ ಇಲ್ಲಿ ಕಂಬವೂ ಅಲುಗುತ್ತದೆ, ನೆಲವೂ ಅಲುಗುತ್ತದೆ.

ಶುರು ಮಾಡುವ ಮುಂಚೆ: ತಲೆ ಎತ್ತಿ ನೋಡಿ

ಈ ಕೆಲಸದಲ್ಲಿ ಜೀವ ತೆಗೆಯುವುದು ತುಕ್ಕಲ್ಲ, ಕರೆಂಟು. ಅಲ್ಯೂಮಿನಿಯಂ ಮಾಸ್ಟ್, ಸ್ಟೀಲ್ ತಂತಿ, ಒದ್ದೆ ನೆಲ, ಬರಿಗಾಲು. ಮೇಲೆ 11 ಕೆವಿ ಲೈನ್ ಹೋಗಿದ್ದರೆ ಮಾಸ್ಟ್ ತಾಗಲೇಬೇಕು ಅಂತಿಲ್ಲ, ತುಂಬ ಹತ್ತಿರ ಹೋದರೂ ಸಾಕು. ನಮ್ಮ ಕಡೆ ತೋಟದ ಪಂಪ್‌ಸೆಟ್‌ಗಳಿಗೆ ಹೋಗುವ ಲೈನ್‌ಗಳು ನೀರಿನ ಅಂಚಿನವರೆಗೂ ಇರುತ್ತವೆ, ಎಷ್ಟೋ ಕಡೆ ಜೋತುಬಿದ್ದಿರುತ್ತವೆ. ಮಾರಿಕಣಿವೆಯಲ್ಲಿ ಇನ್ನೊಂದು ತಾಪತ್ರಯ ಇದೆ. ನೀರಿನ ಅಂಚು ವರ್ಷ ವರ್ಷವೂ ಒಂದೇ ಕಡೆ ಇರುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ಅಣೆಕಟ್ಟು ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನೀರು ಮೇಲೆ ಬಂದಾಗ ನೀವು ಟ್ರೈಲರ್ ನಿಲ್ಲಿಸುವ ಜಾಗವೂ ಬದಲಾಗುತ್ತದೆ, ದೋಣಿಯೂ ಲೈನಿಗೆ ಅಷ್ಟು ಹತ್ತಿರ ಹೋಗುತ್ತದೆ. ಹೋದ ವರ್ಷ ಇಲ್ಲೇ ಮಾಸ್ಟ್ ಎತ್ತಿದ್ದೆವು ಅನ್ನುವ ಧೈರ್ಯ ಬೇಡ. ಪ್ರತಿ ಸಲವೂ ನೋಡಿ.

ಲೈನ್ ತುಂಡಾಗಿ ಬಿದ್ದಿದ್ದರೆ ಅಥವಾ ಮಾಸ್ಟ್ ತಾಗಿದ್ದರೆ ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 112.

ಇನ್ನೆರಡು ಮಾತು. ಸಣ್ಣ ದೋಣಿಯ ಮಾಸ್ಟ್ ಮೇಲೆ ಹತ್ತಬೇಡಿ, ಅದನ್ನು ಮಲಗಿಸಿಯೇ ನೋಡಿ. ಮಲಗಿಸುವಾಗ ಅದು ಬೀಳುವ ದಿಕ್ಕಿನಲ್ಲಿ ಯಾರೂ ಇರಬಾರದು, ಮುಖ್ಯವಾಗಿ ಕುತೂಹಲಕ್ಕೆ ಬಂದು ನಿಲ್ಲುವ ಮಕ್ಕಳು.

"ಒಂದು ಕಡೆ ತಂತಿ ಜೋಲಾಡುತ್ತೆ"

ಎಲ್ಲರೂ ಮೊದಲು ಗಮನಿಸುವುದು ಇದನ್ನೇ. ಗಾಬರಿ ಬೇಡ, ಅರ್ಧ ಸಲ ಇದು ದೋಷವೇ ಅಲ್ಲ. ಹಾಯಿಗೆ ಗಾಳಿ ತುಂಬಿದಾಗ ಗಾಳಿ ಬರುವ ಕಡೆಯ ಶ್ರೌಡ್ ಬಿಗಿಯುತ್ತದೆ, ಇನ್ನೊಂದು ಸಡಿಲವಾಗುತ್ತದೆ. ಹದವಾದ ಗಾಳಿಯಲ್ಲಿ ದೋಣಿ ಸುಮಾರು 20 ಡಿಗ್ರಿ ವಾಲಿದಾಗ ಗಾಳಿ ಹೋಗುವ ಕಡೆಯ ತಂತಿ ಸ್ವಲ್ಪ ಸಡಿಲ ಆಗಿದ್ದರೆ ಪರವಾಗಿಲ್ಲ. ಕೈಗೆ ಸಿಕ್ಕು ಜೋಕಾಲಿ ಥರ ತೂಗಾಡುತ್ತಿದ್ದರೆ ಮಾತ್ರ ನೋಡಬೇಕು.

ದುಡ್ಡು ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ಟರ್ನ್‌ಬಕಲ್, ಅಂದರೆ ತಿರುಗಿಸಿ ತಂತಿ ಬಿಗಿ ಮಾಡುವ ತಿರುಪು, ತಾನಾಗೇ ಸಡಿಲ ಆಗಿದೆಯಾ? ಅದು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇದೆಯಾ? ಟರ್ನ್‌ಬಕಲ್ ಬದಲು ತೂತಿನ ಪಟ್ಟಿ ಇರುವ ದೋಣಿಯಾದರೆ ಎರಡೂ ಕಡೆ ಪಿನ್ ಒಂದೇ ತೂತಿನಲ್ಲಿದೆಯಾ? ಅವಸರದಲ್ಲಿ ಕಟ್ಟುವಾಗ ಒಂದು ತೂತು ಹೆಚ್ಚುಕಮ್ಮಿ ಆಗುವುದು ಮಾಮೂಲು.

ಅದೆಲ್ಲ ಸರಿ ಇದ್ದರೆ ತಂತಿ ಹೊಸದಾ ಅಂತ ಕೇಳಿಕೊಳ್ಳಿ. ಹೊಸ ತಂತಿಯ ಎಳೆಗಳು ಒಂದರ ಪಕ್ಕ ಒಂದು ಸರಿಯಾಗಿ ಕೂರುವಾಗ ತಂತಿ ಸ್ವಲ್ಪ ಉದ್ದ ಆಗುತ್ತದೆ. ಮೊದಲ ಕೆಲವು ಓಟಗಳಲ್ಲಿ ಇದು ಸಹಜ. ಮತ್ತೆ ಬಿಗಿ ಮಾಡಿದರೆ ಮುಗಿಯಿತು.

ಹಳೇ ತಂತಿ ಬಿಗಿ ಮಾಡಿದಷ್ಟೂ ಸಡಿಲ ಆಗುತ್ತಿದೆ ಅಂದರೆ ಮಾತ್ರ ಜಾಗ್ರತೆ. ಸ್ಟೀಲ್ ತಂತಿ ವರ್ಷಗಳ ನಂತರ ಸುಮ್ನೆ ಉದ್ದ ಆಗುವುದಿಲ್ಲ. ಏನೋ ಒಂದು ಜಾರುತ್ತಿದೆ, ಏಳುತ್ತಿದೆ ಅಥವಾ ಕುಸಿಯುತ್ತಿದೆ. ಫೆರೂಲ್ ಒಳಗಿಂದ ತಂತಿ ಜಾರುತ್ತಿದೆಯಾ ಅಂತ ತಿಳಿಯಲು ಫೆರೂಲ್ ಅಂಚಿನಲ್ಲಿ ತಂತಿ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ. ಒಂದು ಓಟದ ನಂತರ ಗೆರೆ ಹೊರಗೆ ಬಂದಿದ್ದರೆ ಆ ತಂತಿಯ ಕಥೆ ಮುಗಿಯಿತು. ಗೆರೆ ಅಲ್ಲೇ ಇದ್ದರೆ ಚೈನ್‌ಪ್ಲೇಟ್ ಮೇಲೇಳುತ್ತಿದೆಯಾ, ಮಾಸ್ಟಿನ ಬುಡ ಕೂರುವ ಜಾಗ ಕುಸಿದಿದೆಯಾ ನೋಡಿ. ಬುಡದ ಕೆಳಗೆ ಮರ ಇರುವ ಹಳೇ ದೋಣಿಗಳಲ್ಲಿ ಮರ ಕೊಳೆತು ಮಾಸ್ಟ್ ನಿಧಾನಕ್ಕೆ ಕೆಳಗಿಳಿಯುತ್ತದೆ, ಎಲ್ಲ ತಂತಿಗಳೂ ಒಟ್ಟಿಗೆ ಸಡಿಲ ಆಗುತ್ತವೆ. ಒಂದೇ ತಂತಿ ಸಡಿಲವಾದರೆ ತಂತಿಯ ದಾರಿಯಲ್ಲಿ ಹುಡುಕಿ, ಎಲ್ಲವೂ ಸಡಿಲವಾದರೆ ಮಾಸ್ಟಿನ ಬುಡದಲ್ಲಿ ಹುಡುಕಿ.

ಸಡಿಲ ಇದ್ದರೆ ತಂತಿಗೆ ಭಾರ ಕಡಿಮೆ, ಒಳ್ಳೇದೇ ಅಲ್ವಾ ಅನ್ನುವವರಿದ್ದಾರೆ. ಅಲ್ಲ. ಸಡಿಲ ತಂತಿ ಪ್ರತಿ ಅಲೆಗೂ ಜರ್ಕ್ ತಿನ್ನುತ್ತದೆ. ಎಳೆದು ಬಿಟ್ಟು, ಎಳೆದು ಬಿಟ್ಟು, ಲೋಹ ದಣಿದು ಬಿರುಕು ಬಿಡುವುದು ಹಾಗೆಯೇ.

"ಮಾಸ್ಟ್ ಒಂದು ಪಕ್ಕಕ್ಕೆ ವಾಲಿದೆ"

ಕಣ್ಣಳತೆ ನಂಬಬೇಡಿ, ದೋಣಿಯೇ ಟ್ರೈಲರ್ ಮೇಲೆ ಸೊಟ್ಟ ನಿಂತಿರಬಹುದು. ಹಾಯಿ ಎತ್ತುವ ಹಗ್ಗದ ತುದಿಯನ್ನು ಬಲಗಡೆಯ ಚೈನ್‌ಪ್ಲೇಟಿಗೆ ತಾಗುವಷ್ಟು ಎಳೆದು ಇನ್ನೊಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ. ಅದೇ ತುದಿಯನ್ನು ಎಡಗಡೆಗೆ ತನ್ನಿ. ಅಲ್ಲೂ ಅಷ್ಟೇ ತಾಗಿದರೆ ಮಾಸ್ಟ್ ನೆಟ್ಟಗಿದೆ. ಇಲ್ಲದಿದ್ದರೆ ಟರ್ನ್‌ಬಕಲ್‌ನಲ್ಲಿ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಎಳೆಯಿರಿ, ಅರ್ಧ ಸುತ್ತಿನ ಲೆಕ್ಕದಲ್ಲಿ.

ಮಾಸ್ಟ್ ಬುಡದಲ್ಲಿ ಕೂತು ಹಾಯಿಯ ಅಂಚು ಜಾರುವ ತೋಡಿನ ಉದ್ದಕ್ಕೂ ಮೇಲಕ್ಕೆ ನೋಡಿ. ನೆಟ್ಟಗಿದ್ದು ವಾಲಿದ್ದರೆ ತಂತಿಯ ಉದ್ದದ ವ್ಯತ್ಯಾಸ. ನಡುವೆ ಡೊಂಕಿದ್ದರೆ ಸ್ಪ್ರೆಡರ್, ಅಂದರೆ ತಂತಿಯನ್ನು ಹೊರಕ್ಕೆ ತಳ್ಳುವ ಕೈ, ಒಂದು ಕಡೆ ಬಗ್ಗಿರಬಹುದು. ತಂತಿ ಬಿಚ್ಚಿ ಮಾಸ್ಟ್ ಮಲಗಿಸಿದ ಮೇಲೂ ಡೊಂಕು ಹಾಗೇ ಇದ್ದರೆ ಅಲ್ಯೂಮಿನಿಯಂ ಬಗ್ಗಿದೆ. ಅದನ್ನು ಲಾರಿ ಚಾಸಿಸ್ ಥರ ಬಗ್ಗಿಸಿ ಸರಿ ಮಾಡಿಸಲು ಹೋಗಬೇಡಿ, ನೆಟ್ಟಗಾದಂತೆ ಕಂಡರೂ ಮುಂದೆ ಅಲ್ಲೇ ಮುರಿಯುತ್ತದೆ.

"ಕೈಯಾಡಿಸಿದರೆ ಚುಚ್ಚುತ್ತೆ"

ಬರಿಗೈಯಲ್ಲಿ ಸವರಿ ನೋಡಬೇಡಿ, ಒಂದು ಎಳೆ ಮುರಿದು ಎದ್ದಿದ್ದರೆ ಸೂಜಿಯಂತೆ ಒಳಗೆ ಹೋಗುತ್ತದೆ. ದಾವಣಗೆರೆ ಸೀಮೆಯಲ್ಲಿ ಹತ್ತಿಗೇನು ಬರ, ಒಂದು ಉಂಡೆ ಹತ್ತಿಯನ್ನು ತಂತಿಗೆ ಸುತ್ತಿ ಮೇಲಿಂದ ಕೆಳಗೆ ಎಳೆಯಿರಿ. ನಾರು ಸಿಕ್ಕಿಕೊಂಡಲ್ಲಿ ನಿಲ್ಲಿಸಿ. ಫೆರೂಲ್ ಅಂಚು, ಸ್ಪ್ರೆಡರ್ ತುದಿ, ತಂತಿ ಯಾವುದಕ್ಕಾದರೂ ಉಜ್ಜುವ ಜಾಗ, ಈ ಮೂರು ಕಡೆ ಎರಡೆರಡು ಸಲ ಮಾಡಿ. ಟೇಪ್ ಸುತ್ತಿದ್ದರೆ ಬಿಚ್ಚಿಯೇ ನೋಡಬೇಕು, ಟೇಪ್ ಕೆಳಗೇ ತೇವ ನಿಲ್ಲುವುದು.

ಮುರಿದ ಎಳೆ ಸಿಕ್ಕರೆ ಏನು ಅರ್ಥ? ಸಣ್ಣ ಹಾಯಿದೋಣಿಗೆ ಹಾಕುವ ಒಳ್ಳೆಯ ತಂತಿ 1×19, ಅಂದರೆ ಹತ್ತೊಂಬತ್ತೇ ಎಳೆ. ಒಂದು ಹೋದರೆ ಶಕ್ತಿಯಲ್ಲಿ ಸುಮಾರು ನೂರಕ್ಕೆ ಐದು ಹೋಯಿತು, ಅಷ್ಟೇ ತಾನೆ ಅನ್ನಿಸಬಹುದು. ಆದರೆ ಹತ್ತೊಂಬತ್ತೂ ಎಳೆಗಳು ಒಂದೇ ವಯಸ್ಸಿನವು, ಒಂದೇ ಭಾರ ಹೊತ್ತವು, ಒಂದೇ ಜಾಗದಲ್ಲಿ ಬಗ್ಗಿದವು. ಒಂದು ದಣಿದು ಮುರಿದಿದೆ ಅಂದರೆ ಪಕ್ಕದವೂ ಬಿರುಕು ಬಿಟ್ಟಿರುತ್ತವೆ, ನಿಮಗೆ ಕಾಣುವುದಿಲ್ಲ ಅಷ್ಟೇ. ಹಾಗಾಗಿ ಇಲ್ಲಿ ರಿಪೇರಿ ಅಂತ ಇಲ್ಲ. ಎದ್ದ ಎಳೆಯನ್ನು ಕತ್ತರಿಸಿ ಟೇಪ್ ಸುತ್ತುವುದು ರಿಪೇರಿ ಅಲ್ಲ, ಸಾಕ್ಷಿ ಮುಚ್ಚುವುದು. ದೋಣಿ ನೀರಿಗಿಳಿಸಬೇಡಿ, ತಂತಿ ಬದಲಾಯಿಸಿ.

ಎಳೆ ಮುರಿದಿಲ್ಲ, ಆದರೆ ತಂತಿಯಲ್ಲಿ ಮಡಿಕೆ ಬಿದ್ದಿದೆ, ನೆಟ್ಟಗೆ ಎಳೆದರೂ ಗಂಟಿನಂತೆ ಕಾಣುತ್ತಿದೆ ಅಂದರೂ ಅದೇ ತೀರ್ಪು. ಟ್ರೈಲರ್ ಮೇಲೆ ಮಾಸ್ಟ್ ಕಟ್ಟುವಾಗ ತಂತಿಯನ್ನು ಹಗ್ಗದ ಥರ ಸುತ್ತಿ ಬಿಗಿಯುವುದರಿಂದ ಬರುವ ದೋಷ ಇದು. ದೊಡ್ಡ ಸುರುಳಿ ಮಾಡಿ ಸಡಿಲವಾಗಿ ಕಟ್ಟಿ.

"ತುದಿಯಲ್ಲಿ ಕೆಂಪು ಕಲೆ"

ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯಲ್ಲ ಅಂತ ಪಾತ್ರೆ ಅಂಗಡಿಯವರು ಹೇಳಬಹುದು. ಹಿಡಿಯುತ್ತದೆ. ಅದರ ಮೇಲಿರುವ ತೆಳು ಪದರ ಉಳಿಯಲು ಗಾಳಿಯಲ್ಲಿನ ಆಮ್ಲಜನಕ ಬೇಕು. ಫೆರೂಲ್ ಒಳಗೆ ನೀರು ನಿಂತು ಗಾಳಿ ಆಡದಿದ್ದರೆ ಅಲ್ಲಿ ಪದರ ಹೋಗಿ ಒಳಗಿಂದ ತಿನ್ನಲು ಶುರುವಾಗುತ್ತದೆ. ಮಳೆ ನೀರು ತಂತಿಗುಂಟ ಇಳಿದು ಕೆಳಗಿನ ತುದಿಯಲ್ಲಿ ನಿಲ್ಲುವುದರಿಂದ ಮೇಲಿನದಕ್ಕಿಂತ ಕೆಳಗಿನ ತುದಿ ಬೇಗ ಹೋಗುತ್ತದೆ.

ಮೊದಲು ಕಲೆಯನ್ನು ಒರೆಸಿ. ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಸಾಕು, ಕಬ್ಬಿಣದ ನಾರು ಬೇಡ, ಅದರ ಚೂರುಗಳೇ ಆಮೇಲೆ ತುಕ್ಕಾಗಿ ನಿಮ್ಮನ್ನು ಹೆದರಿಸುತ್ತವೆ. ಒರೆಸಿದ ಮೇಲೆ ಕೆಳಗೆ ಲೋಹ ನುಣ್ಣಗೆ ಇದ್ದರೆ ಅದು ಬರೀ ಮೇಲ್ಮೈ ಕಲೆ. ತಂತಿಯ ನಡುವೆ ಅಲ್ಲಲ್ಲಿ ಕಾಣುವುದು ಸಾಮಾನ್ಯವಾಗಿ ಇದೇ. ಕಲೆ ಫೆರೂಲ್ ಬಾಯಿಂದಲೇ ಇಳಿದಿದ್ದು, ಒರೆಸಿದ ಸ್ವಲ್ಪ ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಬಂದರೆ ಒಳಗೆ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಆಮೇಲೆ ಭೂತಗನ್ನಡಿ. ಯಂತ್ರದಲ್ಲಿ ಒತ್ತಿದ ಕೊಳವೆಯಂಥ ಸ್ವೇಜ್ ತುದಿ ಇದ್ದರೆ ಉದ್ದಕ್ಕೆ ಕೂದಲೆಳೆ ಬಿರುಕು ಹುಡುಕಿ. ಆ ಕೊಳವೆ ಬಾಳೆಹಣ್ಣಿನಂತೆ ಬಾಗಿದ್ದರೂ ಒಳ್ಳೇದಲ್ಲ, ಎಳೆತ ನೇರವಾಗಿ ಬರುತ್ತಿಲ್ಲ ಅಂತ ಅದು ಹೇಳುತ್ತಿದೆ. ಅನುಮಾನ ಇದ್ದರೆ ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಡೈ ಪೆನೆಟ್ರಂಟ್ ಕಿಟ್ ಇದೆಯಲ್ಲ, ಮೂರು ಡಬ್ಬಿಯದು, ಅದನ್ನು ತರಿಸಿ. ಹರಿಹರದ ಕಡೆ ಮಶೀನ್ ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ಒಂದರಿಂದ ಸ್ವಚ್ಛ ಮಾಡಿ, ಕೆಂಪು ದ್ರವ ಹಚ್ಚಿ ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಗೆರೆ ಮೂಡಿದರೆ ತಂತಿ ಬದಲಾವಣೆ. ಮೂಡದಿದ್ದರೆ ಹೊರಗೆ ಬಿರುಕಿಲ್ಲ ಅಂತ ಮಾತ್ರ ಗೊತ್ತಾಯಿತು, ಒಳಗಿನದನ್ನು ಇದು ತೋರಿಸುವುದಿಲ್ಲ.

ವಯಸ್ಸಿನ ಬಗ್ಗೆ: ಸಮುದ್ರದಲ್ಲಿ ಓಡಿದ ಸ್ಟೇನ್‌ಲೆಸ್ ತಂತಿಯನ್ನು ಹತ್ತು ಹನ್ನೆರಡು ವರ್ಷಕ್ಕೆ ಬದಲಾಯಿಸುವುದು ರೂಢಿ. ಸಿಹಿನೀರಲ್ಲಿ ಇನ್ನೂ ಬಾಳುತ್ತದೆ. ದೋಣಿಯ ಇತಿಹಾಸವೇ ಗೊತ್ತಿಲ್ಲದಿದ್ದರೆ ನಾನಂತೂ ತಂದ ತಕ್ಷಣ ಎಲ್ಲ ಬದಲಾಯಿಸಿ ಎನ್ನುತ್ತೇನೆ. ಸಣ್ಣ ದೋಣಿಗೆ ಬೇಕಾಗುವ ತಂತಿಯ ಖರ್ಚು ಒಂದು ಮಾಸ್ಟಿನ ಮುಂದೆ ಏನೂ ಅಲ್ಲ.

"ಟರ್ನ್‌ಬಕಲ್ ತಿರುಗುತ್ತಲೇ ಇಲ್ಲ"

ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸುವ ಮುನ್ನ ನಿಲ್ಲಿ. ಸ್ಟೇನ್‌ಲೆಸ್ ಬೋಲ್ಟ್ ಸ್ಟೇನ್‌ಲೆಸ್ ಗೂಡಿನಲ್ಲಿ ಒಣಗಿ ತಿರುಗಿದರೆ ಮರೆಗಳು, ಅಂದರೆ ಥ್ರೆಡ್‌ಗಳು, ಒಂದಕ್ಕೊಂದು ಬೆಸೆದುಕೊಂಡು ಕಚ್ಚಿಬಿಡುತ್ತವೆ. ಬಲ ಹಾಕಿದಷ್ಟೂ ಜಾಸ್ತಿ ಕಚ್ಚುತ್ತದೆ. ನಮ್ಮ ಕಡೆಯ ಕೆಂಪು ಧೂಳು, ಮರಳು ಮರೆಗಳಲ್ಲಿ ಕೂತಿದ್ದರೆ ಇನ್ನೂ ಬೇಗ.

ಮೊದಲು ತಂತಿಯ ಎಳೆತ ತೆಗೆಯಿರಿ, ಕಚ್ಚಿದ ಟರ್ನ್‌ಬಕಲ್ಲನ್ನು ಎಳೆತದಲ್ಲಿರುವಾಗ ತಿರುಗಿಸುವುದೇ ತಪ್ಪು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆದು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಬೆಳಗ್ಗೆ ಸ್ವಲ್ಪ ಬಿಗಿಯುವ ಕಡೆ, ಸ್ವಲ್ಪ ಬಿಚ್ಚುವ ಕಡೆ, ಹೀಗೆ ಅಲುಗಾಡಿಸಿ. ಬಂದರೆ ಪೂರ್ತಿ ಬಿಚ್ಚಿ ತೊಳೆದು ಗ್ರೀಸ್ ಹಚ್ಚಿ. ಬರದಿದ್ದರೆ ಬಿಸಾಕಿ. ಗ್ಯಾಸ್ ಕಟರ್ ಬೆಂಕಿ ತೋರಿಸಿದ ಟರ್ನ್‌ಬಕಲ್ ಬಿಚ್ಚಿಕೊಂಡರೂ ಮತ್ತೆ ದೋಣಿಗೆ ಹಾಕಬೇಡಿ.

ಹೊಸದು ಕೊಳ್ಳುವಾಗ ಕೊಕ್ಕೆ ತುದಿಯದು ಬೇಡ. ಶಾಮಿಯಾನ ಕಟ್ಟಲು ಅದು ಸರಿ, ಇಲ್ಲಿ ಕೊಕ್ಕೆ ತೆರೆದುಕೊಳ್ಳುತ್ತದೆ. ಪಿನ್ ತೂರಿಸಿ ಭದ್ರ ಮಾಡುವ ಕವಲು ತುದಿಯದೇ ಬೇಕು. ಬಿಗಿ ಮಾಡಿದ ಮೇಲೆ ಎರಡೂ ಬೋಲ್ಟ್‌ಗಳು ತಮ್ಮ ದಪ್ಪದ ಒಂದೂವರೆ ಪಟ್ಟಾದರೂ ಗೂಡಿನ ಒಳಗಿರಬೇಕು. ಸ್ಪ್ಲಿಟ್ ಪಿನ್ ಕಾಲುಗಳನ್ನು ಸ್ವಲ್ಪ ಅಗಲಿಸಿದರೆ ಸಾಕು, ಸುತ್ತಿ ಸುತ್ತಿ ಮಡಚಿದರೆ ತುರ್ತಿನಲ್ಲಿ ಬಿಚ್ಚಲು ಬರುವುದಿಲ್ಲ.

"ಟಕ್ ಟಕ್ ಅನ್ನುತ್ತೆ, ಗುಂಯ್‌ಗುಡುತ್ತೆ"

ಆಷಾಢದ ಗಾಳಿಯಲ್ಲಿ ದಡದಲ್ಲಿ ನಿಂತ ದೋಣಿ ಸುಮ್ಮನಿರುವುದಿಲ್ಲ. ಗುಂಯ್ ಅನ್ನುವುದು ತಂತಿಯ ಕಂಪನ, ಕಿವಿಗೆ ಕಿರಿಕಿರಿ ಮತ್ತು ತುದಿಗಳಿಗೆ ದಣಿವು. ನಿಲ್ಲಿಸಿದಾಗ ತಂತಿಗೆ ಒಂದು ಬಟ್ಟೆ ಪಟ್ಟಿ ಸುತ್ತಿದರೆ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಓಡಿಸುವುದಿಲ್ಲ ಅಂದರೆ ಮಾಸ್ಟ್ ಮಲಗಿಸಿಬಿಡಿ.

ಟಕ್ ಟಕ್ ಸದ್ದು ಬೇರೆ. ಮಾಸ್ಟಿಗೆ ಹಗ್ಗ ಬಡಿಯುತ್ತಿದ್ದರೆ ಅದನ್ನು ಪಕ್ಕಕ್ಕೆ ಎಳೆದು ಕಟ್ಟಿದಾಗ ಸದ್ದು ನಿಲ್ಲುತ್ತದೆ. ನಿಲ್ಲದಿದ್ದರೆ ಪಿನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಪಿನ್ ಮೇಲೆ ಉಗುರಿಗೆ ಸಿಗುವಷ್ಟು ತಗ್ಗು ಬಿದ್ದಿದ್ದರೆ ಹೊಸ ಪಿನ್. ಪಿನ್ ಕೂರುವ ತೂತು ದುಂಡಗಿರದೆ ಮೊಟ್ಟೆಯಾಕಾರ ಆಗಿದ್ದರೆ ಆ ಪಟ್ಟಿಯೇ ಹೊಸದು ಬೇಕು, ದಪ್ಪ ಪಿನ್ ಹಾಕಲು ತೂತು ದೊಡ್ಡ ಮಾಡಿದರೆ ಅಂಚಿನಲ್ಲಿ ಲೋಹವೇ ಉಳಿಯುವುದಿಲ್ಲ. ಮಾಸ್ಟ್ ಮೇಲಿನ ಪಟ್ಟಿಯ ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ ಸ್ಟೀಲ್ ಮತ್ತು ಅಲ್ಯೂಮಿನಿಯಂ ಜಗಳ ಶುರುವಾಗಿದೆ, ಅಲ್ಯೂಮಿನಿಯಂ ಸೋಲುತ್ತದೆ. ರಿವೆಟ್ ಅಲುಗಿದರೆ ಬದಲಾಯಿಸಬೇಕು, ನಡುವೆ ಎರಡು ಲೋಹ ತಾಗದಂತೆ ಪೇಸ್ಟ್ ಹಚ್ಚಬೇಕು.

"ಚೈನ್‌ಪ್ಲೇಟ್ ಸುತ್ತ ಬಿರುಕು"

ಫೈಬರ್ ಮೈಮೇಲೆ ನಕ್ಷತ್ರದಂತೆ ಹರಡಿದ ಕೂದಲೆಳೆ ಬಿರುಕು, ಒಳಗೆ ಬೋಲ್ಟಿನಿಂದ ಇಳಿದ ಕಂದು ಗೆರೆ. ನಾಣ್ಯದಿಂದ ಸುತ್ತ ತಟ್ಟುತ್ತಾ ಬನ್ನಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಟೊಳ್ಳಾದರೆ ಒಳಗಿನ ಮರ ಅಥವಾ ಪದರ ಬಿಟ್ಟಿದೆ. ಮರದ ದೋಣಿಯಾದರೆ ಸ್ಕ್ರೂಡ್ರೈವರ್ ತುದಿ ಒತ್ತಿ, ಬೆಣ್ಣೆಯಂತೆ ಒಳಗೆ ಹೋದರೆ ತಿಳಿಯಿತಲ್ಲ. ಇದಕ್ಕೆ ಬೋಲ್ಟ್ ಬಿಗಿ ಮಾಡುವುದು ಮದ್ದಲ್ಲ. ಹೊಸ ತಂತಿ ಹಾಕುವುದೂ ಅಲ್ಲ, ಗಟ್ಟಿ ತಂತಿ ಕೊಳೆತ ಬುಡವನ್ನೇ ಕಿತ್ತುಕೊಂಡು ಬರುತ್ತದೆ. ಇಲ್ಲಿ ನಿಲ್ಲಿಸಿ, ಫೈಬರ್ ದೋಣಿ ಕೆಲಸ ಬಲ್ಲವರಿಗೆ ತೋರಿಸಿ. ನೀರಿನ ಟ್ಯಾಂಕಿಗೆ ತೇಪೆ ಹಾಕುವವರು ಬೇರೆ.

"ತಂತಿ ಮಾಡಿಸಿದೆ, ಕುಣಿಕೆ ಜಾರುತ್ತಿದೆ"

ಹೊಸ ತಂತಿ ಮಾಡುವಾಗಲೇ ತಪ್ಪಾಗಿರುತ್ತದೆ, ಆದ್ದರಿಂದ ಮಾಡುವ ಕ್ರಮವನ್ನೇ ಹೇಳಿದರೆ ದೋಷ ಎಲ್ಲಿದೆ ಅಂತ ನಿಮಗೇ ಗೊತ್ತಾಗುತ್ತದೆ.

ತಂತಿ ಯಾವುದು? ಅಂಗಡಿಯಲ್ಲಿ ವೈರ್ ರೋಪ್ ಕೇಳಿದರೆ ಬಾವಿಗೆ, ಕ್ರೇನ್‌ಗೆ ಹಾಕುವ ಜಿಐ ತಂತಿ ಕೊಡುತ್ತಾರೆ. ಸತುವಿನ ಲೇಪ ಸವೆದ ಮೇಲೆ ಅದು ಬೇಗ ತುಕ್ಕಾಗುತ್ತದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹೊದಿಕೆಯ ತಂತಿ ಅದಕ್ಕಿಂತ ಕೆಟ್ಟದು, ಒಳಗೆ ಏನಾಗುತ್ತಿದೆ ಅಂತಲೇ ಕಾಣುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ: ಜಿಐ ಗಟ್ಟಿಯಾಗಿ ಕಚ್ಚುತ್ತದೆ. ಸ್ಟೇನ್‌ಲೆಸ್ ತಂತಿಯೂ ಸ್ವಲ್ಪ ಎಳೆಯಬಹುದು, ತಂತಿ ಎಳೆಯುವಾಗ ಲೋಹದ ಗುಣ ಬದಲಾಗಿರುತ್ತದೆ. ಹಾಗಾಗಿ ಅಯಸ್ಕಾಂತದಿಂದ ಸ್ಟೇನ್‌ಲೆಸ್ ದರ್ಜೆಗಳಲ್ಲಿ 304 ಯಾವುದು, 316 ಯಾವುದು ಅಂತ ಹೇಳಲು ಬರುವುದಿಲ್ಲ. ಬೇಕಾದ್ದು 316 ದರ್ಜೆಯ 1×19. ಹಳೆಯದರ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಅಷ್ಟೇ ದಪ್ಪದ್ದು ತರಿಸಿ. ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ 2.5ರಿಂದ 4 ಮಿ.ಮೀ. ಇರುತ್ತದೆ. 3 ಮಿ.ಮೀ.ದು ಸುಮಾರು 700 ಕಿಲೋಗೆ, 4 ಮಿ.ಮೀ.ದು ಸುಮಾರು 1200 ಕಿಲೋಗೂ ಮೇಲೆ ತುಂಡಾಗುತ್ತದೆ. ಜಾಸ್ತಿ ದಪ್ಪ ಹಾಕಿದರೆ ಜಾಸ್ತಿ ಭದ್ರ ಅಂದುಕೊಳ್ಳಬೇಡಿ, ಮೇಲೆ ಭಾರ ಹೆಚ್ಚಿದಷ್ಟೂ ದೋಣಿ ವಾಲುತ್ತದೆ. 7×19, ಅಂದರೆ ಹತ್ತೊಂಬತ್ತು ಎಳೆಯ ಏಳು ಕಟ್ಟು ಸೇರಿದ ತಂತಿ, ಮೃದು, ಕೈಯಲ್ಲಿ ಮಡಚಲು ಸುಲಭ, ಆದರೆ ಅದು ಎಳೆತಕ್ಕೆ ಜಾಸ್ತಿ ಹಿಗ್ಗುತ್ತದೆ. ಅದು ರಾಟೆಯ ಮೇಲೆ ಓಡುವ ಕಡೆಗೆ ಸರಿ.

ಅಳತೆ: ಹಳೇ ತಂತಿ ಬಿಗಿಯಾಗಿರುವಾಗಲೇ ಪಿನ್ ಕೂರುವ ಬಿಂದುವಿನಿಂದ ಪಿನ್ ಕೂರುವ ಬಿಂದುವಿಗೆ ಅಳೆದು ಬರೆದುಕೊಳ್ಳಿ. ಎಡ ಮತ್ತು ಬಲ ಬೇರೆ ಬೇರೆ ಅಳೆಯಿರಿ. ಟರ್ನ್‌ಬಕಲ್ ಆಗ ಅರ್ಧ ತೆರೆದಿರಬೇಕು. ಒಂದೊಂದೇ ತಂತಿ ಬದಲಾಯಿಸಿ, ತೆಗೆದ ಜಾಗದಲ್ಲಿ ಹಾಯಿ ಎತ್ತುವ ಹಗ್ಗ ಕಟ್ಟಿ ಮಾಸ್ಟ್ ಹಿಡಿದಿಡಿ.

ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಎಳೆಗಳು ಬಿಚ್ಚಿ ಚೆಲ್ಲುತ್ತವೆ. ಕೇಬಲ್ ಕಟರ್ ಬಳಸಿ, ಉಳಿ ಸುತ್ತಿಗೆ ಬೇಡ. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗ್ಲೌಸ್.

ಫೆರೂಲ್ ತಾಮ್ರದ್ದು. ಅಲ್ಯೂಮಿನಿಯಂ ಫೆರೂಲ್ ಜಿಐ ತಂತಿಗೆ. ಸ್ಟೇನ್‌ಲೆಸ್ ಮೇಲೆ ಹಾಕಿದರೆ ಒದ್ದೆಯಾದಾಗ ಅಲ್ಯೂಮಿನಿಯಂ ಪುಡಿಪುಡಿ ಆಗುತ್ತದೆ. ಜಾರುವ ಕುಣಿಕೆ ಅಂತ ತೋರಿಸುವವರಲ್ಲಿ ಮೊದಲು ನಾನು ನೋಡುವುದೇ ಫೆರೂಲಿನ ಬಣ್ಣ. ತಂತಿಯ ತುದಿ ಫೆರೂಲ್‌ನಿಂದ ಸ್ವಲ್ಪ ಹೊರಗೆ ಇಣುಕಬೇಕು, ಯಾಕೆಂದರೆ ಒತ್ತಿದಾಗ ಫೆರೂಲ್ ಉದ್ದವಾಗುತ್ತದೆ. ಮೊದಲು ನಡುವೆ ಒತ್ತಿ, ಆಮೇಲೆ ತಿಂಬಲ್ ಕಡೆ, ಕೊನೆಗೆ ತುದಿ ಕಡೆ. ಎಷ್ಟು ಒತ್ತು ಅನ್ನುವುದು ಟೂಲ್ ಜೊತೆಗಿನ ಹಾಳೆಯಲ್ಲಿರುತ್ತದೆ. ಜೊತೆಗೆ ಬರುವ ಗೇಜ್ ಫೆರೂಲ್ ಮೇಲೆ ಸಲೀಸಾಗಿ ಕೂರದಿದ್ದರೆ ಒತ್ತು ಸಾಲಲಿಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದು, ವೈಸ್‌ನಲ್ಲಿ ಚಪ್ಪಟೆ ಮಾಡಿದ್ದು ಲೆಕ್ಕಕ್ಕಿಲ್ಲ. 1×19 ಬಿರುಸು, ನುಣುಪು, ಅದಕ್ಕೆ ಒಂದು ಕುಣಿಕೆಗೆ ಎರಡು ಫೆರೂಲ್ ಹಾಕಿ. 4 ಮಿ.ಮೀ. ಮೇಲ್ಪಟ್ಟು ಕೈಯಲ್ಲಿ ಮಾಡಲು ಹೋಗಬೇಡಿ, ಯಂತ್ರದಲ್ಲಿ ಸ್ವೇಜ್ ಮಾಡಿಸಿ ತರಿಸಿ.

ಯು ಬೋಲ್ಟ್ ಕ್ಲಾಂಪ್ ತುರ್ತಿಗೆ ಮಾತ್ರ. ಹಾಕಲೇಬೇಕಾದರೆ ಯು ಬೋಲ್ಟ್ ಗಿಡ್ಡ ತುದಿಯ ಮೇಲೆ, ತಟ್ಟೆ ಭಾರ ಹೊರುವ ತಂತಿಯ ಮೇಲೆ. ಉಲ್ಟಾ ಹಾಕಿದರೆ ಭಾರ ಹೊರುವ ತಂತಿಯನ್ನೇ ಯು ಬೋಲ್ಟ್ ಜಜ್ಜುತ್ತದೆ.

ಮಾಡಿದ ಮೇಲೆ ಎಳೆದು ನೋಡದೆ ಮಾಸ್ಟಿಗೆ ಹಾಕಬೇಡಿ. ಚೈನ್ ಪುಲ್ಲಿ ಮತ್ತು ತೂಗುವ ಕ್ರೇನ್ ಸ್ಕೇಲ್ ಸಿಕ್ಕರೆ ತುಂಡಾಗುವ ಭಾರದ ಕಾಲು ಭಾಗದಷ್ಟು ನಿಧಾನಕ್ಕೆ ಎಳೆಯಿರಿ, 3 ಮಿ.ಮೀ.ಗೆ ಅದು ಸುಮಾರು 175 ಕಿಲೋ. ಮೊದಲೇ ಫೆರೂಲ್ ಅಂಚಿಗೆ ಗೆರೆ ಹಾಕಿರಿ. ತಂತಿ ಮೇಲೆ ದಪ್ಪ ಗೋಣಿಚೀಲ ಹೊದಿಸಿ, ತಂತಿಯ ನೇರಕ್ಕೆ ಯಾರೂ ನಿಲ್ಲಬೇಡಿ. ಬಿಟ್ಟುಹೋದರೆ ಚಾವಟಿಯಂತೆ ಬರುತ್ತದೆ.

"ನೀರಿನ ನಡುವೆ ತಂತಿ ಹರಿಯಿತು"

ಲೈಫ್ ಜಾಕೆಟ್ ಆಗಲೇ ಮೈಮೇಲೆ ಇರಬೇಕು. ಗಾಳಿ ಬರುವ ಕಡೆಯ ಶ್ರೌಡ್ ಹೋದರೆ ತಕ್ಷಣ ದಿಕ್ಕು ತಿರುಗಿಸಿ, ಗಾಳಿ ಇನ್ನೊಂದು ಪಕ್ಕದಿಂದ ಬರುವಂತೆ ಮಾಡಿ, ಗಟ್ಟಿ ಇರುವ ತಂತಿ ಭಾರ ಹೊರಲಿ. ಫೋರ್‌ಸ್ಟೇ ಹೋದರೆ ಗಾಳಿ ಹಿಂದಿನಿಂದ ಬರುವಂತೆ ತಿರುಗಿಸಿ, ಆಗ ಮಾಸ್ಟ್ ಮುಂದಕ್ಕೆ ಒರಗಿ ಶ್ರೌಡ್‌ಗಳ ಮೇಲೆ ನಿಲ್ಲುತ್ತದೆ. ಮುಂದಿನ ಹಾಯಿಯನ್ನು ಅವಸರದಲ್ಲಿ ಇಳಿಸಬೇಡಿ, ಅದರ ಅಂಚೇ ಸ್ವಲ್ಪ ಹೊತ್ತು ಮಾಸ್ಟ್ ಹಿಡಿದಿರುತ್ತದೆ. ಬಿಡುವಾಗಿರುವ ಹಗ್ಗವೊಂದನ್ನು ಹರಿದ ತಂತಿಯ ಜಾಗಕ್ಕೆ ಕಟ್ಟಿ ಬಿಗಿದ ಮೇಲೆ ಹಾಯಿಗಳನ್ನು ಇಳಿಸಿ, ಹುಟ್ಟು ಹಾಕಿ ದಡಕ್ಕೆ ಬನ್ನಿ.

ಮಾಸ್ಟ್ ಬಿದ್ದೇಬಿಟ್ಟರೆ ಮೊದಲು ಜನರನ್ನು ಎಣಿಸಿ. ಹಾಯಿಯ ಕೆಳಗೆ, ತಂತಿಯ ಸಿಕ್ಕಿನಲ್ಲಿ ಯಾರೂ ಇಲ್ಲ ಅಂತ ಖಾತ್ರಿ ಆದ ಮೇಲೆ ಉಳಿದದ್ದು. ಮಾರಿಕಣಿವೆ ಹಿನ್ನೀರಿನಲ್ಲಿ ಮುಳುಗಿದ ಜಾಲಿ ಮರಗಳಿಗೆ ತಂತಿ ಸಿಕ್ಕಿಕೊಳ್ಳಬಹುದು, ಆಗ ಎಳೆದಾಡದೆ ಪಿನ್ ಕಿತ್ತು ಬಿಟ್ಟುಬಿಡಿ. ಅದಕ್ಕೆ ಒಂದು ಇಕ್ಕಳ ಸದಾ ಜೇಬಿನಲ್ಲಿರಲಿ.

ದಡಕ್ಕೆ ಬಂದ ಮೇಲೆ ಹರಿದ ಎರಡೂ ತುದಿಗಳನ್ನು ಇಟ್ಟುಕೊಳ್ಳಿ. ಮುರಿದ ಎಳೆಗಳ ತುದಿ ಕಪ್ಪು ಕಂದಾಗಿದ್ದು ಒಂದೆರಡು ಮಾತ್ರ ಹೊಳೆಯುತ್ತಿದ್ದರೆ ಹೆಚ್ಚಿನ ಎಳೆಗಳು ಮೊದಲೇ ಹೋಗಿದ್ದವು, ಇವತ್ತು ಹರಿದದ್ದು ಉಳಿದವು. ಎಲ್ಲವೂ ಹೊಳೆಯುತ್ತಾ ತುದಿ ಸಣ್ಣಗೆ ಎಳೆದುಕೊಂಡಂತಿದ್ದರೆ ಭಾರ ಮಿತಿ ಮೀರಿತ್ತು. ಎರಡರಲ್ಲಿ ಯಾವುದಾದರೂ, ಹರಿದ ತಂತಿಯ ಜೋಡಿಯನ್ನೂ ಬದಲಾಯಿಸಿ.